ಮೂರು ದಿನದ ದರ

ತೆಸ್ಲೀಮ್ ಬಂದ, ಹೆಗಲ ಮೇಲೆ ಏಣಿ,
ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು.
ಚಪ್ಪಲಿ ಕೆಳಗೆ ಬಿಟ್ಟು ನನ್ನ ಸೂರು ಹತ್ತಿದ,
ಮಸೀದಿಗೆ ಹೋಗುವವನ ಹಾಗೆ.

ಇಬಾದಾನಿನ ಗುಡ್ಡದಿಂದ ನೋಡಿದರೆ ಊರೆಲ್ಲ ತುಕ್ಕು,
ಪಾತ್ರೆಯ ತಳ ಹತ್ತಿದ ಸಾರಿನ ಬಣ್ಣ.
ನಡುವೆ ಅಲ್ಲೊಂದು ಇಲ್ಲೊಂದು ನೀಲಿ ಚೌಕ.
ಯಾರದೆಂದು ಬೀದಿಗೆಲ್ಲ ಗೊತ್ತು.

ನನ್ನದು ಮೀನಿನ ವ್ಯಾಪಾರ.
ಹಡಗಿನಲ್ಲಿ ಕಲ್ಲಾಗಿ ಬರುವ ಬಂಗುಡೆ
ಮಾರುವ ತನಕ ಕಲ್ಲಾಗಿಯೇ ಇರಬೇಕು.
ಮೆತ್ತಗಾದರೆ ಬೆಕ್ಕಿನ ಪಾಲು;
ಬೆಕ್ಕೂ ಕೆಲವು ಸಲ ಮೂಸಿ ನಡೆದುಬಿಡುತ್ತದೆ.

ಕರೆಂಟು ಬಂದರೆ ಓಣಿಯ ಮಕ್ಕಳು ಕೇಕೆ ಹಾಕುತ್ತವೆ.
ಹೋದರೆ ಯಾರೂ ಏನೂ ಅನ್ನುವುದಿಲ್ಲ.
ಹಿತ್ತಲ ಜನರೇಟರು ಎಂಟು ವರ್ಷದಿಂದ
ಪೆಟ್ರೋಲು ಕುಡಿದು ನನ್ನ ಮಾತು ತಿಂದಿದೆ.
ಗಿರಾಕಿ ಬೆಲೆ ಕೇಳಿದರೆ ಬೆರಳು ತೋರಿಸುತ್ತೇನೆ.
ಮಗಳು ಬೊಲಾತಿತೋ ಗುಟ್ಟನ್ನೂ ಅರಚಿಯೇ ಹೇಳುತ್ತಾಳೆ,
ಶಾಲೆಯಲ್ಲಿ ಅದಕ್ಕೇ ಬೈಸಿಕೊಳ್ಳುತ್ತಾಳೆ.

ತೆಸ್ಲೀಮ್ ಇಳಿದು ಮೀನಿನ ರಟ್ಟಿನ ಮೇಲೆ ಬರೆದ:
ಫಲಕ ಆರು. ಬ್ಯಾಟರಿ ಒಂದು, ಚೀನಾದ್ದು.
ಇನ್ವರ್ಟರು, ತಂತಿ, ಕಂಬಿ, ತನ್ನ ಕೂಲಿ.
ಸೊನ್ನೆಗಳು ಇರುವೆಸಾಲಿನ ಹಾಗೆ
ರಟ್ಟಿನ ಅಂಚಿನವರೆಗೂ ಹೋದವು.
ನಾನು ಮೀನಿನಲ್ಲಿ ಎಣಿಸಿದೆ, ನನಗೆ ಬರುವ ಲೆಕ್ಕ ಅದೊಂದೇ:
ಸಾವಿರದ ಮುನ್ನೂರು ಪೆಟ್ಟಿಗೆಯ ಲಾಭ.
ಅಷ್ಟು ದಿನ ಉಣ್ಣದೆ ಇದ್ದರೆ.

'ಈ ದರ ಮೂರೇ ದಿನ, ಇಯಾ ಬೊಲಾತಿತೋ.
ನಾಲ್ಕನೆಯ ದಿನ ಡಾಲರು ಏನನ್ನುತ್ತದೋ.'

ನಮ್ಮ ತಲೆ ಸುಡುವ ಬಿಸಿಲಿಗೆ
ಡಾಲರಿನ ಗೊಡವೆ ಏಕೆ ಎಂದು ಕೇಳಬೇಕೆಂದಿದ್ದೆ.
ಕೇಳಲಿಲ್ಲ. ಬೆಲೆ ಮೀನಿಗಿಂತ ಬೇಗ ಕೆಡುತ್ತದೆ,
ಅದನ್ನು ಇಡಲು ಪೆಟ್ಟಿಗೆ ಇಲ್ಲ.

ಏಣಿ ಹೆಗಲಿಗೇರಿಸಿದವನು ಬಾಗಿಲಲ್ಲಿ ನಿಂತ.
'ಇನ್ನೊಂದು ಮಾತು.' ಹಿಮ್ಮಡಿ ತೋರಿಸಿದ, ಕೆಂಪು ಹುಡಿ.
'ನಿಮ್ಮ ಸೂರು ಸೂರಲ್ಲ, ಹಪ್ಪಳ.
ಆರು ಫಲಕ ಹೊರಿಸಿದರೆ ಮೊದಲ ಗಾಳಿಗೆ
ಎಲ್ಲ ನಿಮ್ಮ ಮಂಚದ ಮೇಲೆ.
ತಗಡು ಮೊದಲು. ಅದರ ದರ ಬೇರೆ.'

ಅವನ ಹಿಮ್ಮಡಿ ಊರಿದಲ್ಲಿ ಈಗ ಒಂದು ತೂತು.
ಹತ್ತು ಗಂಟೆಗೆ ಫ್ರೀಜರಿನ ಮುಚ್ಚಳದ ಮೇಲೆ
ನಾಣ್ಯದಗಲ ಬಿಸಿಲು ಬೀಳುತ್ತದೆ,
ಮಧ್ಯಾಹ್ನಕ್ಕೆ ನೆಲಕ್ಕಿಳಿದು ಗೋಡೆಯತ್ತ ಹೋಗುತ್ತದೆ.
ಮಗಳು ಅದರಲ್ಲಿ ಅಂಗೈ ಇಟ್ಟು ನಗುತ್ತಾಳೆ.
ಇಷ್ಟು ಬಿಟ್ಟಿ.

ಇವತ್ತು ಮೂರನೆಯ ದಿನ.
ನಮ್ಮ ಚೀಟಿಯಲ್ಲಿ ನನ್ನ ಸರದಿ ಒಂಬತ್ತನೆಯದು,
ಈ ತಿಂಗಳಿನದು ಪಕ್ಕದ ಸಿದಿಕಾತಳದು.
ಹೊಲಿಗೆ ಯಂತ್ರದ ಮೇಲೆ ಬಗ್ಗಿದ್ದಾಳೆ,
ಬಾಯಲ್ಲಿ ಎರಡು ಗುಂಡುಸೂಜಿ.

ಕೆಲವು ಮಾತನ್ನು ಅರಚಿ ಕೇಳಲಾಗದು.
ಹಿತ್ತಲಿಗೆ ಹೋಗಿ ಜನರೇಟರು ಆರಿಸಿದೆ.
ಓಣಿ ಒಮ್ಮೆಲೇ ಅಗಲವಾಯಿತು.
ಮುಚ್ಚಳದ ಮೇಲೆ ಕೈಯಿಟ್ಟು ಮೀನುಗಳಿಗೆ ಹೇಳಿದೆ:
ಒಂದು ಗಳಿಗೆ ತಡಕೊಳ್ಳಿ.