ಫಲಕ

ಕಾರ್ಪೊರೇಷನ್ನಿನ ಹುಡುಗ ಬಂದಿದ್ದ, ಕೈಯಲ್ಲಿ ಪ್ಯಾಡು.
ಉಪ್ಪಿನಕಟ್ಟೆಗೆ ಕರಿಕಲ್ಲಿನ ಫಲಕ ಹಾಕುತ್ತಾರಂತೆ.
'ಹನ್ನೊಂದು ಸಾಲು ಜಾಗ ಉಂಟು, ಕರ್ಕಡರೇ.
ಚರಿತ್ರೆ ಐದು, ಗಣ್ಯರು ಐದು,
ಕೊನೆಯದು ಮೇಯರರದ್ದು.'

ನಾನೆಂತ ಗಣ್ಯರನ್ನು ಕಂಡವನು ಮಾರಾಯಾ?
ನಲವತ್ತೆರಡು ವರ್ಷ ಮೂಲೆಯ ಪ್ರೆಸ್ಸಿನಲ್ಲಿ ನಿಂತು
ಇವರ ಹೆಸರುಗಳನ್ನು ತಲೆಕೆಳಗಾಗಿ ಕಂಡವನು.
ಮದುವೆಗೆ ಒಮ್ಮೆ, ಬೊಜ್ಜಕ್ಕೆ ಒಮ್ಮೆ,
ನಡುವೆ ಒಂದು ಬಿಲ್ ಬುಕ್ಕು.
ಅಷ್ಟರಲ್ಲಿ ಮುಗಿಯುತ್ತಿತ್ತು ಹೆಚ್ಚಿನವರದ್ದು.

ಬರೆದುಕೋ ಹಾಗಾದರೆ.
ಇಲ್ಲಿ ಉಪ್ಪು ಅಳೆಯುತ್ತಿದ್ದರು. ಮಂಜಿಯಿಂದ ಇಳಿದದ್ದು
ಗಾಡಿ ಹತ್ತುವ ಮೊದಲು ಈ ಕಲ್ಲಿನ ಮೇಲೆ
ಸ್ವಲ್ಪ ಹೊತ್ತು ಕೂರುತ್ತಿತ್ತು.
ಕಟ್ಟೆಯ ಬುಡದಲ್ಲಿ ಇವತ್ತಿಗೂ ಹುಲ್ಲು ಹುಟ್ಟುವುದಿಲ್ಲ.
ತುಳುವಿನಲ್ಲಿ ಉಪ್ಪುದ ಕಟ್ಟೆ, ಕೊಂಕಣಿಯಲ್ಲಿ ಮಿಟಾಕಟ್ಟೊ.
ಬ್ಯಾರಿಗಳು ಬರೇ ಕಟ್ಟೆ ಎನ್ನುತ್ತಿದ್ದರು,
ಲೋಕದಲ್ಲಿ ಬೇರೆ ಕಟ್ಟೆಯೇ ಇಲ್ಲದ ಹಾಗೆ.
ಬೇರೆ ಚರಿತ್ರೆ ನನಗೆ ಗೊತ್ತಿಲ್ಲ.

ವಾಮನ ಪಡಿಯಾರರು, ಜೀನಸಿನ ಅಂಗಡಿ.
ಸತ್ತವರ ಸಾಲಕ್ಕೆ ಕೆಂಪು ಶಾಯಿ ಎಳೆದು
ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ.
ಇದ್ದಿನಬ್ಬ, ಮಂಜಿಯ ಬಡಗಿ.
ಮೊಳೆ ಹೊಡೆಯದೆ ಹಗ್ಗದಲ್ಲಿ ಹಲಗೆ ಹೊಲಿಯುವವ,
ನನ್ನ ಅಚ್ಚುಮೊಳೆಗಳನ್ನು ನೋಡಿ ನಗುತ್ತಿದ್ದ:
'ಇಷ್ಟು ಮೊಳೆ ಇದ್ದರೆ ಮುಳುಗುತ್ತದೆ.'
ಮತ್ತೆ ಮೀನಿನ ಪೂವಕ್ಕ.
ನಮ್ಮ ಗೋಡೆಯೇ ಅವಳ ಕಡತ, ಒಂದು ಮಸಿಗೀಟಿಗೆ ಇಪ್ಪತ್ತು ಬೂತಾಯಿ.
ಸುಣ್ಣ ಬಳಿದ ಮರುದಿನ ಬುಟ್ಟಿ ಇಳಿಸಿ ನಿಂತು
ಎಲ್ಲರದ್ದನ್ನೂ ನೆನಪಿನಿಂದ ಮತ್ತೆ ಎಳೆದಳು.
ನನ್ನದರಲ್ಲಿ ಎರಡು ಗೀಟು ಜಾಸ್ತಿ ಇತ್ತು.
ನಾನು ಮಾತಾಡಲಿಲ್ಲ.

ಹುಡುಗ ಪೆನ್ನು ನಿಲ್ಲಿಸಿದ.
'ಡಾಕ್ಟರು, ವಕೀಲರು ಯಾರೂ ಇರಲಿಲ್ಲವಾ?'

ಇದ್ದರು. ಅವರ ಬೋರ್ಡು ಅವರೇ ಹಾಕಿಕೊಂಡಿದ್ದರು.

ಫೌಸ್ತಿನ್ ಫುರ್ತಾದ, ಬೇಕರಿ. ಇದನ್ನು ಸರಿಯಾಗಿ ಬರೆ.
ಐವತ್ತೊಂಬತ್ತರಲ್ಲಿ ಅವನ ಮದುವೆಯ ಕಾಗದ, ನಾನು ಹೊಸಬ.
ಹುಡುಗಿ ಫಿಲೊಮಿನಾ, ಮಾವ ಫೆಲಿಕ್ಸ್ ಫೆರ್ನಾಂಡಿಸ್.
ನಮ್ಮ ಗೂಡಿನಲ್ಲಿ ಫ ಇದ್ದದ್ದು ಒಟ್ಟು ಮೂರು.
ಮೂರನ್ನೂ ಹೆಣ್ಣಿನ ಕಡೆಗೆ ಕೊಟ್ಟೆ.
ಮದುಮಗ ಪೌಸ್ತಿನ್ ಪುರ್ತಾದ ಎಂದು ಅಚ್ಚಾದ.
ಬೈಯಲು ಬಂದವ ಜೋರಾಗಿ ಓದಿದ, ಓದುತ್ತ ನಕ್ಕ.
ಸಾಯುವ ತನಕ ಪೇಟೆಗೆಲ್ಲ ಪೌಸ್ತಿ,
ಪೌಸ್ತಿಯ ಪಾವು, ಪೌಸ್ತಿಯ ಸಾಲ.
ಅವನು ಆಸ್ಪತ್ರೆ ಸೇರಿದಾಗ ಫೌಂಡ್ರಿಗೆ ಬರೆದೆ:
ಒಂದು ಮುಷ್ಟಿ ಫ ಕಳಿಸಿ, ಜರೂರು.
ಬಂದದ್ದು ಮಣ್ಣಾಗಿ ಹನ್ನೊಂದನೆಯ ದಿನ.
ಒಂದನ್ನು ಕಿಸೆಗೆ ಹಾಕಿಕೊಂಡೆ.

ಫಲಕ ಬಂತು. ಅದರಲ್ಲಿ ಡಾಕ್ಟರಿದ್ದಾರೆ, ವಕೀಲರಿದ್ದಾರೆ.
ಪಡಿಯಾರರು ವರ್ತಕ ಮುಖಂಡರಾಗಿದ್ದಾರೆ.
ಮೇಯರರು ಮೂರು ಸಾಲು ತಿಂದಿದ್ದಾರೆ.
ಈಗ ಕಂಪ್ಯೂಟರಿನಲ್ಲಿ ಕೊರೆಯುವುದಂತೆ,
ಯಾವ ಅಕ್ಷರವೂ ಮುಗಿಯುವುದಿಲ್ಲವಂತೆ.

ಮೊನ್ನೆ ಮಳೆ ನಿಂತ ಮೇಲೆ ಹೋಗಿದ್ದೆ.
ಕಲ್ಲಿನ ಕಾಲಬುಡದಲ್ಲಿ ಒಂದು ಹೊಂಡ ನೀರು.
ಅದರೊಳಗೆ ಎಲ್ಲ ಸಾಲುಗಳೂ ತಲೆಕೆಳಗು,
ಸ್ಟಿಕ್ಕಿನಲ್ಲಿ ಮೊಳೆ ಕಾಣುವ ಹಾಗೆಯೇ.
ಕನ್ನಡಕ ತೆಗೆದು ಸರಾಗ ಓದಿದೆ.
ಕಟ್ಟಕಡೆಯಲ್ಲಿ, ಅಂದರೆ ಕಲ್ಲಿನ ನೆತ್ತಿಯಲ್ಲಿ,
ಸ್ಮಾರಕ ಫಲಕ ಎಂದಿತ್ತು.
ಇಡೀ ಕಲ್ಲಿನಲ್ಲಿ ಒಂದೇ ಫ.

ಅದು ನಿನ್ನ ಲೆಕ್ಕಕ್ಕೆ, ಪೌಸ್ತಿ.
ಕಿಸೆಯದ್ದು ನನ್ನ ಹತ್ತಿರವೇ ಇರಲಿ.