ಒಂದ ಕಪಾಟಿನ ಕೀಲಿಕೈ

ದುಧನಿ ಮಾರ್ಕೆಟ್ ಯಾರ್ಡಿನ್ಯಾಗ ತೊಗರಿ ಧೂಳು
ಕೀಬೋರ್ಡಿನ ಹಲ್ಲಸಂದ್ಯಾಗೂ ಹೋಗಿ ಕೂಡತದ.
ಬ್ರಶ್ ಹಚ್ಚಿ ಝಾಡಿಸಿ, ಫ್ಯಾನ್ ಬಿಚ್ಚಿ ಊದಿ
ಇನ್ನೂರ ಐವತ್ತು ತಗೊಂಡು ಹೋಗಾಂವ ನಾನು.
ಅವತ್ತು ಮಹಾರುದ್ರಪ್ಪ ಬಿರಾಜದಾರರ ಅಡತಿ ಅಂಗಡ್ಯಾಗ
ಮಂಗಲಾ ಲೆಕ್ಕದ ಸಾಫ್ಟ್‌ವೇರ್ ಒತ್ತಿದ್ಲು.
ತೆರೀಲಿಲ್ಲ ಅದು. ಮೊದಲ ಕೇಳ್ತು:
"ಅಡ್ಮಿನಿಸ್ಟ್ರೇಟರ್ ಇದ್ದೀರೇನು?"
ಆಕಿ ಕಣ್ಣೆತ್ತದೇ "ಹೌದು" ಒತ್ತಿದ್ಲು,
ಮೊರದಾಗ ಹಳ್ಳು ಆರಿಸಿ ಒಗದಂಗ.
ದಿನಾ ಹತ್ತ ಸರ್ತಿ ಒತ್ತತಾಳಂತ.

"ಯಾಕ ಬೇಕಂತ ಅದಕ್ಕ ಇಷ್ಟು ಅಧಿಕಾರ?"
"ನನಗೇನ್ ಗೊತ್ರೀ ಅಣ್ಣಾ. ಹಾಕಿ ಕೊಟ್ಟಾಂವ ಸೊಲ್ಲಾಪುರದಾಂವ.
ಹಂಗಿದ್ರ ನಡೀತದ, ಇಲ್ಲಂದ್ರ ಇಲ್ಲ ಅಂದಾನ."

ನಮ್ಮ ಮುತ್ಯಾ ಚನಮಲ್ಲಪ್ಪ ಇದೇ ಓಣ್ಯಾಗ ಮುನೀಮ.
ನಲವತ್ತೊಂದು ವರ್ಷ ಗಾದಿ ತುದಿಗೆ ಕುಂತು
ಕಿರ್ದಿ ಬರದ, ಖತಾವಣಿ ಬರದ,
ಹಮಾಲಿ, ತೋಲಾಯಿ, ಧರ್ಮಾದಾಯ
ಪೈಕ್ಕ ಪೈ ಕೂಡಿಸಿದ.
ಲಕ್ಷದ ಆಂಕಿ ಅವನ ಟಾಕಿನ ತುದಿಗೆ,
ತಿಜೋರಿ ಕೀಲಿಕೈ ಸಾವಕಾರನ ಉಡದಾರಕ್ಕ.
ಅದರಾಗ ಅವಮಾನ ಏನದ, ಅಂತಿದ್ದ ಮುತ್ಯಾ,
"ಕಳುವಾದ ರಾತ್ರಿ ನಾ ಮನ್ಯಾಗ ಗೊರಕಿ ಹೊಡಿಬೇಕಲ್ಲ.
ಕೀಲಿಕೈ ಇಲ್ಲದವಗ ನಿದ್ದಿ ಬರತದ."

ಈ ಹೊಸಾ ಮುನೀಮ ಹಂಗಲ್ಲ.
ವಹಿ ಬಿಚ್ಚಬೇಕಂದ್ರ ತಿಜೋರಿದೂ ಬೇಕು,
ಹಗೇವಿಂದೂ ಬೇಕು, ಹಿತ್ತಲ ಬಾಗಲದೂ ಬೇಕು.
ಕೊಡಲಿಲ್ಲಂದ್ರ ಟಾಕ ಮುಟ್ಟಂಗಿಲ್ಲ.

ಒಳಗ ಹೊಕ್ಕು ನೋಡ್ದೆ.
ಕಾರಣ ಸಣ್ಣದು, ನಗು ಬರೋವಷ್ಟು ಸಣ್ಣದು:
ಇಪ್ಪತ್ತು ವರ್ಷದ ಹಿಂದ ಯಾವನೋ ಒಬ್ಬ, ಅವಸರದಾಗ,
ವಹಿ ಇಡಾಕ ಒಂದು ಕಪಾಟ ಮಾಡಿಸಿಲ್ಲ.
ದಿನದ ಲೆಕ್ಕಾ ಗ್ವಾಡಿಗೇ ಕೊರದು ಬರಿ ಅಂದಾನ.
ಗ್ವಾಡಿ ಕೊರಿಯೋ ಆಳಿಗೆ
ಮನಿ ಕೆಡವೋ ಹಾರಿ ಕೊಡಲೇಬೇಕಾತು.

ಮತ್ತ ಅದೇ ಕುರ್ಚ್ಯಾಗ, ಅದೇ ಹಾರಿ ಕೈಯಾಗ ಹಿಡಕೊಂಡು
ಮಂಗಲಾ ಮೇಲ್ ತೆರೀತಾಳ.
ಲಾತೂರಿನ ದಾಲ್ ಮಿಲ್ಲಿನ ಬಿಲ್ಲು, ಬಾರದಾನದವನ ಪಾವತಿ,
ಯಾರ್ಯಾರದೋ ಪೆನ್ ಡ್ರೈವು.
ಅದರಾಗ ಬಿಲ್ಲಿನ ವೇಷ ಹಾಕ್ಕೊಂಡು ಬಂದಾಂವ ಒಬ್ಬನಿದ್ರ
ಅವನೇನ್ ಕನ್ನ ಕೊರಿಬೇಕಾಗಿಲ್ಲ.
ಅಂವಾನೂ ನಯವಾಗೇ ಕೇಳತಾನ,
"ಅಡ್ಮಿನಿಸ್ಟ್ರೇಟರ್ ಇದ್ದೀರೇನು?"
ಆಕಿ ಹಳ್ಳು ಆರಿಸಿ ಒಗೀತಾಳ.

ಅರ್ಧಾ ತಾಸು ಕುಂತೆ.
ಮಂಗಲಾಗ ಬ್ಯಾರೆ ಹೆಸರು ಮಾಡಿದೆ, ಸಾದಾ ಹೆಸರು.
ಲೆಕ್ಕ ಕೊರಿಯೋ ಆ ಒಂದ ಗ್ವಾಡಿಗೆ ಕಪಾಟಂತ ತಿಳಕೊಂಡು
ಅದರ ಕೀಲಿಕೈ ಅಷ್ಟೇ ಆಕಿ ಓಢಣಿ ತುದಿಗೆ ಕಟ್ಟಿ
ಉಳದದ್ದೆಲ್ಲಾ ಬಿಚ್ಚಿ ತಗದೆ.
ಸಾಫ್ಟ್‌ವೇರ್ ಸುಮ್ಮಕ ತೆರೀತು.
ಬಾಕಿ ಇದ್ದದ್ದು ಬಾಕಿ, ಜಮಾ ಇದ್ದದ್ದು ಜಮಾ.

"ಏನ್ ಹಾಕಿದ್ಯೋ?" ಅಂದ್ರು ಮಹಾರುದ್ರಪ್ಪ.
"ಏನೂ ಹಾಕಿಲ್ರಿ. ತಗದೀನಿ."
"ತಗದಿದ್ದಕ್ಕೂ ಇನ್ನೂರ ಐವತ್ತೇನು?"
ನಕ್ಕೋತ ಇನ್ನೂರು ಕೊಟ್ರು.

ಮುಂದಿನ ಮಂಗಳವಾರ ಜಿಎಸ್‌ಟಿ ಅಪ್ಡೇಟ್ ಬಂತಂತ.
ಕುಂದರಲಿಲ್ಲಂತ ಅದು.
ಸೊಲ್ಲಾಪುರದಾಂವ ಫೋನಿನ್ಯಾಗ ಹರಿಹಾಯ್ದನಂತ:
"ಕೋಣೀ ಬದಲಲಂ ಹೇ? ಸಗಳೇ ರೈಟ್ಸ್ ದ್ಯಾ!"
ಕೊಟ್ಟಾರ.
ಮರೀಬಾರದಂತ ಪಾಸ್‌ವರ್ಡು
ಗ್ವಾಡಿ ಕ್ಯಾಲೆಂಡರಿನ ಅಮಾಸಿ ಚೌಕದಾಗ ಬರದಾರ,
ಕೆಂಪ ಪೆನ್ನಿಲೆ.

ಸಂಜೀಕ ಆ ಓಣಿ ಹಿಡದು ಬರುವಾಗ ನೋಡತೀನಿ.
ಹಮಾಲರು ಚೀಲ ಒಟ್ಟಿ ಚಹಾಕ ಹೋಗಿರತಾರ.
ಮಹಾರುದ್ರಪ್ಪ ಶಟರ್ ಇಳಸಿ
ಎರಡು ಕೀಲಿ ಹಾಕಿ, ಜಗ್ಗಿ ನೋಡಿ,
ನಾಕ ಹೆಜ್ಜಿ ಹೋಗಿ, ತಿರುಗಿ ಬಂದು, ಮತ್ತೊಮ್ಮೆ ಜಗ್ಗಿ ನೋಡಿ,
ಕೀಲಿಕೈ ಬನಿಯನ್ ಒಳಗಿನ ಕಿಸೇಕ ಹಾಕ್ಕೊತಾರ.
ನನ್ನ ಕಂಡು ಕೈ ಎತ್ತತಾರ.
ನಾನೂ ಎತ್ತತೀನಿ.