ಏಳಡಿ ಅಗಲ

ಡಿವೈಜಸ್ ಊರಿನ ಹೊರಗೆ, ಕಾಲುವೆಯ ಮೇಲೆ,
ಏಳಡಿಗೆ ಎರಡಿಂಚು ಕಡಿಮೆ ನಮ್ಮ ಮನೆ.
ಉದ್ದ ಮಾತ್ರ ಐವತ್ತೆರಡು:
ಈ ತುದಿಯಲ್ಲಿ ಒಗ್ಗರಣೆ ಹಾಕಿದರೆ
ಆ ತುದಿಯಲ್ಲಿ ಚುಕ್ಕಾಣಿ ಹಿಡಿದವನು ಸೀನುತ್ತಾನೆ.
ದೋಣಿಯ ಹೆಸರು ಮಾರ್ಜರಿ,
ಮಾರಿದವನ ಅತ್ತೆಯದಂತೆ.
ಪಂಚಾಕ್ಷರಿ ಮಾರ್ಜಾಲ ಅನ್ನುತ್ತಾನೆ,
ಚಳಿಗೆ ಎಂಜಿನ್ನು ಗುರುಗುಟ್ಟುವುದು ಹಾಗೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವರು
ಇವನ ಕಾಲು ನೋಡಿರಲಿಲ್ಲ.
ಮೊದಲ ವಾರ ಮಡಚಿ ಮಲಗಿದ,
ಎರಡನೆಯ ವಾರ ಗರಗಸ ತಂದು
ಬಟ್ಟೆಯ ಕಪಾಟಿಗೆ ಕಿಂಡಿ ಕೊರೆದ.
ಈಗ ರಾತ್ರಿಯಿಡೀ ಅವನ ಪಾದಗಳು
ನನ್ನ ಸ್ವೆಟರುಗಳ ನಡುವೆ ಬೆಚ್ಚಗೆ.

ಸ್ವಿಂಡನ್ನಿನಲ್ಲಿ ಮೂರು ಕೋಣೆ, ಮೆಟ್ಟಿಲು, ಗ್ಯಾರೇಜು,
ಮುನಿಸಿಗೂ ಒಂದು ಕೋಣೆ ಇತ್ತು.
ಅವನು ಮೇಲೆ, ನಾನು ಕೆಳಗೆ,
ನಡುವೆ ಸಾರು ಆರುತ್ತಿತ್ತು ಹನ್ನೊಂದು ವರ್ಷ.
ಜಗಳವಲ್ಲ ಅದು. ಜಗಳಕ್ಕೆ
ಎದುರೆದುರು ಬರಬೇಕಲ್ಲ.

ಇಲ್ಲಿ ಒಬ್ಬರನ್ನೊಬ್ಬರು ದಾಟಬೇಕಾದರೆ
ಇಬ್ಬರೂ ಅಡ್ಡ ತಿರುಗಬೇಕು,
ಹೊಟ್ಟೆ ಒಳಗೆಳೆದುಕೊಳ್ಳಬೇಕು,
ಮೂಗಿಗೆ ಮೂಗು ಬಂದಾಗ ಏನಾದರೂ ಅನ್ನಲೇಬೇಕು.
ಮೊದಮೊದಲು "ಸರಿ" ಅಂದೆ.
ಆಮೇಲೊಂದು ದಿನ ಅವನು "ಚಹಾ?" ಅಂದ.

ಗಂಟೆಗೆ ಮೂರು ಮೈಲಿ;
ಕಟ್ಟಿದ ದೋಣಿಗಳ ಪಕ್ಕ ಇನ್ನೂ ಮೆಲ್ಲಗೆ.
ಕುಂಟುವ ನಾಯಿಯೊಂದು ನಮ್ಮನ್ನು ಹಿಂದೆ ಹಾಕಿ
ಮುಂದಿನ ಸೇತುವೆಯ ಕೆಳಗೆ ಕೂತು ಕಾದು,
ಮುಖ ನೋಡಿ, ಮತ್ತೆ ಹೊರಟಿತು.
ಹದಿನಾಲ್ಕು ದಿನಕ್ಕೊಮ್ಮೆ ಗೂಟ ಕೀಳಬೇಕು ನಾವು.
ಆಸ್ಪತ್ರೆಯ ಹುಡುಗಿ ವಿಳಾಸ ಕೇಳಿದರೆ
ಈ ಹೊತ್ತಿನದೋ, ಬರುವ ಬುಧವಾರದ್ದೋ ಅನ್ನುತ್ತೇನೆ.

ಎಲ್ಲ ಚಂದವೇ ಅಂತಲ್ಲ.
ಸಂಡಾಸಿನ ಡಬ್ಬಿ ಹೊತ್ತು ಅರ್ಧ ಮೈಲಿ, ಪಾಳಿಯಂತೆ;
ನನ್ನ ಪಾಳಿಗೆ ಯಾವಾಗಲೂ ಮಳೆ.
ಕಲ್ಲಿದ್ದಲು ತರುವ ಡಿಲ್ವಿನ್ ಗುರುವಾರ ಬರುತ್ತೇನೆ ಅಂದರೆ
ಯಾವ ಗುರುವಾರ ಅಂತ ಕೇಳಬಾರದು.
ಜನವರಿಯಲ್ಲಿ ಕಿಟಕಿಗೆ ಒಳಗಿನಿಂದಲೇ ಮಂಜು.

ಆದರೂ ರೊಟ್ಟಿ ಬಡಿಯಲು ಕೂತರೆ
ತಟತಟ ಸದ್ದು ತಳದ ತಗಡಿಗೆ ಇಳಿದು ನೀರಿಗೆ ಕೇಳುತ್ತದೆ.
ನಾನು ಒಳಗೆ ಬಡಿದಂತೆ
ಹಂಸವೊಂದು ಹೊರಗೆ ಕೊಕ್ಕಿನಿಂದ ತಗಡು ಬಡಿಯುತ್ತದೆ,
ಪಕ್ಕದ ಮನೆಯವಳು
ಒಂದು ರೊಟ್ಟಿ ಕಡ ಕೇಳಲು ಬಂದ ಹಾಗೆ.

ಇವತ್ತು ಕೇನ್ ಹಿಲ್.
ಲಾಕ್ ಅಂದರೆ ಇಲ್ಲಿ ಬೀಗವಲ್ಲ, ನೀರಿನ ಮೆಟ್ಟಿಲು;
ಗುಡ್ಡದ ಮೈಮೇಲೆ ಒಂದರ ಹಿಂದೊಂದು ಇಪ್ಪತ್ತೊಂಬತ್ತು.
ಮಾರ್ಜರಿಯನ್ನು ತೊಟ್ಟಿಯೊಳಗೆ ಬಿಟ್ಟು, ಹಗ್ಗ ಸುತ್ತಿ,
ತೂಬು ಎತ್ತಿ,
ಅವನು ಆ ದಂಡೆಯಲ್ಲಿ, ನಾನು ಈ ದಂಡೆಯಲ್ಲಿ,
ತಲಾ ಒಂದು ಕದದ ತೊಲೆಗೆ ಬೆನ್ನು ಕೊಟ್ಟು ನಿಲ್ಲುತ್ತೇವೆ.
ಒಳಗಿನ ನೀರು ಮೇಲಿನ ನೀರಿಗೆ ಸಮ ಬರುವ ತನಕ
ಆನೆ ಕಟ್ಟಿ ಎಳೆದರೂ ಕದ ಅಲ್ಲಾಡುವುದಿಲ್ಲ.
ಸಮ ಬಂದ ಗಳಿಗೆ
ಕೂಸು ತಳ್ಳಿದರೂ ಸರಿಯುತ್ತದೆ.

ಹನ್ನೆರಡನೆಯದರಲ್ಲಿ, ನೀರು ಇನ್ನೂ ಕುದಿಯುತ್ತ ಏರುವಾಗ,
ಆ ದಂಡೆಯಿಂದ ಕೂಗಿ ಕೇಳಿದ:
"ಸ್ವಿಂಡನ್ನಿನಲ್ಲಿ ಯಾಕೆ ಮಾತು ಬಿಟ್ಟೆ?"
ದಾರಿಹೋಕರು ತಿರುಗಿ ನೋಡಿದರು, ಕನ್ನಡ ಬಾರದಿದ್ದರೂ.
"ಬಿಟ್ಟವನು ನೀನು" ಅಂದೆ.
"ನಾನಾ?"
ಬೆನ್ನ ಹಿಂದೆ ತೊಲೆ ಮೆಲ್ಲಗೆ ಮಿಸುಕಿತು.
"ಇನ್ನೂ ಹದಿನೇಳು ಲಾಕು ಇವೆ," ಅಂದೆ.
"ತಳ್ಳು ಮೊದಲು."